ಚಿತ್ರಕಥೆಗಳಿಗೆ ಆರು ಡಬ್ಬ

ಆ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಮಾತು ಬಿಟ್ಟಿದ್ದರೇ ಹೊರತು ಮನೆ ಬಿಟ್ಟಿರಲಿಲ್ಲ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ತಮ್ಮನ ಹೊಲಿಗೆ ಅಂಗಡಿ. ಹಿಂದಿನ ತಗಡಿನ ಶೆಡ್ಡಿನಲ್ಲಿ ಅಣ್ಣನ ಮರಗೆಲಸ. ನಡುಮನೆ ಇಬ್ಬರಿಗೂ ಸೇರಿದ್ದು. ಅಲ್ಲಿ ಎದುರುಬದುರಾದರೆ ಅಣ್ಣ ಗೋಡೆಯ ಗಡಿಯಾರ ನೋಡುತ್ತಿದ್ದ, ತಮ್ಮ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ. ಹೀಗಾಗಿ ಆ ಮನೆಯ ಗಡಿಯಾರ ಒಂದು ನಿಮಿಷವೂ ಹಿಂದೆ ಬಿದ್ದದ್ದಿಲ್ಲ.

ಕಾರಣ ಕೇಳಿದರೆ ಇಬ್ಬರಿಗೂ ಹೇಳಲು ನಾಚಿಕೆ. ನೆಂಟರ ಮನೆಯ ಊಟದಲ್ಲಿ, ಇಡೀ ಸಾಲಿಗೆ ಕೇಳುವಂತೆ, ತಮ್ಮ ಹೊಲಿದುಕೊಟ್ಟ ಪ್ಯಾಂಟು ತೋರಿಸಿ ಅಣ್ಣ, "ಇದರ ಒಂದು ಕಾಲು ಮನೆಗೆ ಹೋಗೋಣ ಅನ್ನುತ್ತೆ, ಇನ್ನೊಂದು ಇನ್ನೂ ಸ್ವಲ್ಪ ಹೊತ್ತು ಕೂರೋಣ ಅನ್ನುತ್ತೆ" ಅಂದಿದ್ದ. ತಮ್ಮ ಬಿಡುತ್ತಾನೆಯೇ? "ಇವನು ಮಾಡಿಕೊಟ್ಟ ಸ್ಟೂಲಿನ ಮೇಲೆ ಗಿರಾಕಿ ಕೂತರೆ ಹಾಗೇ ತೂಗಿ ತೂಗಿ ನಿದ್ದೆ ಹೋಗ್ತಾರೆ" ಅಂದ. ಇಬ್ಬರ ಮಾತಿಗೂ ಜನ ಸಮನಾಗಿ ನಕ್ಕರು. ನಕ್ಕವರು ಕೈ ತೊಳೆಯುವಷ್ಟರಲ್ಲಿ ಮರೆತರು. ಇವರು ಮರೆಯಲಿಲ್ಲ. ಮೊದಲು ಯಾರು ಮಾತಾಡಿಸಬೇಕು ಅನ್ನುವುದೇ ಆಮೇಲೆ ಮೂಲ ಜಗಳಕ್ಕಿಂತ ದೊಡ್ಡದಾಗಿ ಬೆಳೆಯಿತು.

ಇಬ್ಬರ ನಡುವೆ ಉಳಿದದ್ದು ನಡುಮನೆಯ ಗೋಡೆ ಕಪಾಟಿನಲ್ಲಿದ್ದ ಆರುನೂರ ಹನ್ನೆರಡು ಚಿತ್ರಕಥೆ ಪುಸ್ತಕಗಳು. ಅಪ್ಪ ಪತ್ರಿಕೆಗಳ ಏಜೆಂಟನಾಗಿದ್ದ. ಮಾರಾಟವಾಗದೆ ಉಳಿದ ಕಾಮಿಕ್ಸ್‌ಗಳನ್ನು ಸೈಕಲ್ಲಿನ ಚೀಲದಲ್ಲಿ ಮನೆಗೆ ತರುತ್ತಿದ್ದ. ಅಪ್ಪ ಹೋದಮೇಲೆ ಪಾತ್ರೆ, ಮಂಚ, ಸೈಕಲ್ಲು ಎಲ್ಲ ಪಾಲಾದವು. ಪುಸ್ತಕಗಳ ಪಾಲು ಮಾತ್ರ ಇಬ್ಬರೂ ಎತ್ತಲಿಲ್ಲ. ನಿದ್ದೆಗಣ್ಣಿನ ಪತ್ತೇದಾರ, ಕಡಲಗಳ್ಳಿ ಅಜ್ಜಿ, ಉದ್ದಮೂಗಿನ ಮಂತ್ರಿ, ಇವರನ್ನೆಲ್ಲ ಅರ್ಧ ಅರ್ಧ ಮಾಡುವುದಾದರೂ ಹೇಗೆ?

ಐವತ್ತರ ಹತ್ತಿರ ಬಂದ ಇಬ್ಬರೂ ಮಧ್ಯಾಹ್ನದ ಊಟದ ನಂತರ ಒಂದೊಂದು ಪುಸ್ತಕ ಓದುತ್ತಿದ್ದರು. ದರ್ಜಿಗೆ ಯಾವುದಾದರೂ ಪುಟ ತುಂಬಾ ಹಿಡಿಸಿದರೆ ಅಲ್ಲಿ ಒಂದು ಬಟ್ಟೆ ಚೂರು ಇಟ್ಟು, ಪುಸ್ತಕವನ್ನು ಕಪಾಟಿನ ಅಂಚಿನಲ್ಲಿ ಅಡ್ಡ ಮಲಗಿಸುತ್ತಿದ್ದ. ಎರಡು ದಿನದಲ್ಲಿ ಅದು ನೆಟ್ಟಗೆ ನಿಂತಿರುತ್ತಿತ್ತು. ಒಳಗೆ ಅವನ ಚೂರಿನ ಹತ್ತಿರವೇ ಮರದ ತೆಳು ಸುರುಳಿ. ಅಣ್ಣ ಮರ ನುಣುಪು ಮಾಡುವಾಗ ಎದ್ದ ಸುರುಳಿ, ಚಪ್ಪಟೆಯಾಗಿ ಒತ್ತಿದ್ದು. ಅಂದರೆ ಓದಿದೆ ಅಂತ. ನಕ್ಕೆ ಅಂತ. ಕೆಲವು ಸಲ ಅಣ್ಣನೇ ಮೊದಲು ಇಡುತ್ತಿದ್ದ. ಆಗ ದರ್ಜಿ ಗಿರಾಕಿಯ ಅಂಗಿ ಪಕ್ಕಕ್ಕೆ ಸರಿಸಿ, ಆ ಪುಟವನ್ನು ಮೂರು ಸಲ ಓದಿ, ಅವತ್ತು ಕತ್ತರಿಸಿದ ಬಟ್ಟೆಗಳಲ್ಲಿ ಒಳ್ಳೆಯ ಚೂರನ್ನೇ ಆರಿಸಿ ಇಡುತ್ತಿದ್ದ. ಗಿರಾಕಿಗೆ ತೇಪೆಗೆ ಅಂತ ಕೊಡುವ ಚೂರು ಬೇರೆ, ಇದು ಬೇರೆ.

ಈ ವ್ಯವಹಾರ ಅಣ್ಣನ ಹೆಂಡತಿಗೆ ಗೊತ್ತಿರಲಿಲ್ಲ. ಅತ್ತಿಗೆ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ದಿನವೆಲ್ಲ ಜನರ ಕಣ್ಣಿಗೆ ಹನಿ ಬಿಟ್ಟು, ಅಲ್ಲಾಡಬೇಡಿ ಅಂತ ಗದರಿಸಿ ರೂಢಿಯಾದ ಹೆಂಗಸು. ಮನೆಯಲ್ಲಿ ಅವರಿಗಿದ್ದ ಎರಡನೆಯ ಕೆಲಸ ಇಬ್ಬರ ಮಾತನ್ನೂ ಸಾಗಿಸುವುದು. ಇತ್ತೀಚೆಗೆ ಅವರು ಸರಿಯಾಗಿ ನಡುಮನೆಯ ಮಧ್ಯೆ ನಿಂತು ಕೂಗುತ್ತಿದ್ದರು. ಹಾಗೆ ಮಾಡಿದರೆ ಒಂದೇ ಮಾತನ್ನು ಎರಡು ಸಲ ಹೇಳುವ ಕಷ್ಟ ತಪ್ಪುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಆ ಜಾಗದಿಂದಲೇ ಕೂಗಿದರು. "ಇಬ್ಬರೂ ಬನ್ನಿ ಇಲ್ಲಿ!"

ಕಪಾಟಿನ ಹಿಂದಿನ ಗೋಡೆಯ ಆಚೆಗೆ ಬಚ್ಚಲುಮನೆ. ಒಳಗಿನ ನಲ್ಲಿಯ ಪೈಪು ಎಲ್ಲೋ ಬಿರುಕು ಬಿಟ್ಟಿತ್ತು. ಗೋಡೆಯ ಸುಣ್ಣ ಹಪ್ಪಳೆಯೆದ್ದು, ಕೆಳಗಿನ ಸಾಲಿನ ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿದಿತ್ತು. ಅತ್ತಿಗೆ ಒಂದನ್ನು ಎಳೆದರು. ಬೆಳ್ಳಗೆ ಹೊಳೆಯುವ, ಉದ್ದ ಮೀಸೆಯ ಹುಳವೊಂದು ಉದ್ದಮೂಗಿನ ಮಂತ್ರಿಯ ಮೂಗಿನ ಮೇಲಿಂದ ಇಳಿದು ಓಡಿತು.

"ನೋಡಿದ್ರಾ? ಈ ಭಾನುವಾರದೊಳಗೆ ಇವಕ್ಕೆ ಡಬ್ಬ ಆಗಬೇಕು. ಗೋಡೆ ಒಡೆದು ಪೈಪ್ ಹಾಕೋರು ಸೋಮವಾರ ಬರ್ತಾರೆ."

ದರ್ಜಿ ತನ್ನ ಕಾಲ್ಬೆರಳಿಗೆ ಹೇಳಿದ, "ಅತ್ತಿಗೆ, ಗಟ್ಟಿ ಬಟ್ಟೆಯಲ್ಲಿ ಚೀಲ ಹೊಲಿದುಬಿಡ್ತೀನಿ. ದಾರ ಎಳೆದು ಕಟ್ಟೋ ಥರ."

ಅಣ್ಣ ಗಡಿಯಾರಕ್ಕೆ ಹೇಳಿದ, "ನಿನ್ನ ಮೈದುನನಿಗೆ ಹೇಳು, ಇವು ಪುಸ್ತಕ, ಅಕ್ಕಿ ಅಲ್ಲ ಅಂತ. ನಾನೇ ಮರದ ಪೆಟ್ಟಿಗೆ ಮಾಡ್ತೀನಿ."

"ನೀವು ಅಡುಗೆಮನೆಗೆ ಒಂದು ಹಲಗೆ ಹೊಡೀತೀನಿ ಅಂದು ಎರಡು ವರ್ಷ ಆಯ್ತು ರೀ. ಅಷ್ಟರಲ್ಲಿ ಹುಳಗಳ ಮೊಮ್ಮಕ್ಕಳು ಓದು ಕಲಿತಿರ್ತವೆ." ಅತ್ತಿಗೆ ಸೆರಗಿಗೆ ಕೈ ಒರೆಸಿದರು. "ಯಾರೂ ಏನೂ ಮಾಡೋದು ಬೇಡ. ಅಂಗಡಿಯಲ್ಲಿ ಆಗಿರೋದು ತರೋಣ. ಇಬ್ಬರೂ ಒಪ್ಪಿದ್ದೇ ತರೋದು. ಒಪ್ಪಲಿಲ್ವೋ, ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ. ನಿಮ್ಮ ನಿಮ್ಮ ಪಾಲು ನೀವು ನೀವು ನೋಡ್ಕೊಳ್ಳಿ. ನನಗೆ ಸಾಕಾಗಿದೆ."

ದರ್ಜಿ ಕಪಾಟಿನ ಕಡೆ ನೋಡಿದ. ಅರ್ಧ ಶೆಡ್ಡಿಗೆ ಹೋದರೆ ಅಡ್ಡ ಮಲಗಿಸುವ ಕಪಾಟಿನ ಅಂಚು ಎಲ್ಲಿ ಬಂತು? ಅಣ್ಣನ ಶೆಡ್ಡಿನ ಬಾಗಿಲು ತಟ್ಟಿ ಪುಸ್ತಕ ಕೇಳುವುದು ಅವನಿಂದ ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಅಣ್ಣನ ಕಡೆಗೆ ಓರೆಗಣ್ಣಲ್ಲಿ ನೋಡಿದ. ಅಣ್ಣ ಗಡಿಯಾರವನ್ನೇ ನೋಡುತ್ತಿದ್ದ, ಆದರೆ ಗಂಟೆ ಎಷ್ಟೆಂದು ಕೇಳಿದ್ದರೆ ಹೇಳುತ್ತಿರಲಿಲ್ಲ.

ಶನಿವಾರ ಮೂವರೂ ಡಬ್ಬದ ಅಂಗಡಿಗೆ ಹೋದರು. ನೆಲದಿಂದ ಮಾಳಿಗೆಯವರೆಗೆ ಡಬ್ಬದ ಮೇಲೆ ಡಬ್ಬ. ಅಂಗಡಿಯವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಏಣಿಯ ಮೇಲಿದ್ದ. ಅತ್ತಿಗೆ ನಡುವೆ, ಅಣ್ಣತಮ್ಮಂದಿರು ಅವರ ಎರಡು ಬದಿಗೆ.

"ಏನಿಡೋಕೆ?"

"ಕಾಮಿಕ್ಸ್."

"ಮಕ್ಕಳಿಗೆ ಎಷ್ಟು ವಯಸ್ಸು?"

"ದೊಡ್ಡದಕ್ಕೆ ಐವತ್ತು, ಚಿಕ್ಕದಕ್ಕೆ ನಲವತ್ತಾರು" ಅಂದರು ಅತ್ತಿಗೆ.

ಅಂಗಡಿಯವನು ಏಣಿಯಿಂದ ಇಳಿದ. ಮೊದಲು ತಗಡಿನ ಟ್ರಂಕು ತೋರಿಸಿದ. ತುಕ್ಕು ಹಿಡಿಯುತ್ತದೆ ಎಂದು ಹೇಳಲು ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಅಣ್ಣ, "ತುಕ್ಕು" ಅಂದ. ರಟ್ಟಿನ ಪೆಟ್ಟಿಗೆ ತೋರಿಸಿದ. "ಹುಳಕ್ಕೆ ರಟ್ಟೇ ಊಟ" ಅಂದ ದರ್ಜಿ. ಪಾರದರ್ಶಕ ಪ್ಲಾಸ್ಟಿಕ್ಕಿನದು ಬಂತು. ಬೆಳಕು ಬಿದ್ದರೆ ಬಣ್ಣ ಹೋಗುತ್ತದೆ ಎಂದು ಇಬ್ಬರೂ ಒಟ್ಟಿಗೇ ಅತ್ತಿಗೆಗೆ ಹೇಳಿದರು, ಒಬ್ಬ ಎಡಗಿವಿಗೆ, ಇನ್ನೊಬ್ಬ ಬಲಗಿವಿಗೆ.

"ನನ್ನ ಡ್ಯೂಟಿಗೆ ಹೊತ್ತಾಯ್ತು" ಅಂದರು ಅತ್ತಿಗೆ.

"ಅತ್ತಿಗೆ!"

"ಏ, ಎಲ್ಲಿಗೆ?"

"ಹನ್ನೊಂದು ಜನ ಕಣ್ಣು ಮುಚ್ಕೊಂಡು ಕೂತಿದ್ದಾರೆ ಅಲ್ಲಿ. ಇಲ್ಲಿ ಇಬ್ಬರು ಬಾಯಿ ಮುಚ್ಕೊಂಡಿದ್ದಾರೆ. ಸಂಬಳ ಕೊಡೋದು ಅಲ್ಲಿ." ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು.

ಅಂಗಡಿಯವನಿಗೆ ಇಬ್ಬರ ಮಧ್ಯದ ಖಾಲಿ ಜಾಗ ಸಿಕ್ಕಿತು. ಪಾಪ, ಅವನು ಅಲ್ಲಿ ಹೋಗಿ ನಿಂತ.

"ಪುಸ್ತಕದ ಅಳತೆ ಎಷ್ಟು?"

ದರ್ಜಿ ಕೊರಳಲ್ಲಿದ್ದ ಟೇಪು ಇಳಿಸಿ ನೆನಪಿನ ಮೇಲೇ ಎಳೆದು ಹಿಡಿದ. "ಇಷ್ಟು. ಇದರ ಮೇಲೆ ಎಲ್ಲಾ ಕಡೆ ಎರಡೆರಡು ಇಂಚು ಸಡಿಲ ಬಿಡಿ. ಉಸಿರಾಡಬೇಕು."

"ಸಡಿಲ ಬಿಟ್ಟರೆ ಒಳಗೆ ಬಾಗಿ ಬೆನ್ನು ಮುರಿದುಕೊಳ್ತವೆ ಅಂತ ಅವನಿಗೆ ಹೇಳಿ" ಅಂದ ಅಣ್ಣ. ಎರಡು ಅಂಗೈಗಳನ್ನು ಗಾಳಿಯಲ್ಲಿ ನಿಲ್ಲಿಸಿ ತೋರಿಸಿದ. "ಇಷ್ಟು ಅಂದ್ರೆ ಇಷ್ಟೇ. ಕೂದಲೆಳೆ ಹೆಚ್ಚಿರಬಾರದು."

"ಕೂದಲೆಳೆ ಬಿಡದಿದ್ರೆ ಹೊರಗೆ ತೆಗೆಯೋದು ಹೇಗೆ ಅಂತ ಅವರನ್ನ ಕೇಳಿ. ಪುಸ್ತಕ ಓದೋಕಾ, ಮೊಳೆ ಹೊಡೆದು ಕೂರಿಸೋಕಾ?"

ಅಂಗಡಿಯವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿದ. "ಅವರು ಇಲ್ಲೇ ಇದ್ದಾರಲ್ಲ ಸ್ವಾಮಿ. ಕಿವಿ ಕೇಳಿಸಲ್ವಾ?"

"ಕೇಳಿಸುತ್ತೆ" ಅಂದರು ಇಬ್ಬರೂ.

"ಹಾಗಾದ್ರೆ... ಒಂದು ಪುಸ್ತಕ ಕೈಯಲ್ಲಿ ತಂದಿದ್ರೆ ಆಗ್ತಿತ್ತಲ್ಲ?"

ತರಬಹುದಿತ್ತು. ದರ್ಜಿ ಬೆಳಿಗ್ಗೆ ಕಪಾಟಿನ ಮುಂದೆ ನಿಂತೂ ಇದ್ದ. ಆದರೆ ಒಂದು ಪುಸ್ತಕ ಹೊರಗೆ ತೆಗೆದರೆ ಅಣ್ಣ ಅದನ್ನೇ ಪಾಲಿನ ಶುರು ಅಂದುಕೊಂಡುಬಿಟ್ಟರೆ ಎಂದು ಕೈ ಹಿಂದಕ್ಕೆ ಬಂದಿತ್ತು. ತಾನು ಹಿಂದೆ ಸರಿದ ಗಳಿಗೆಯಲ್ಲೇ ಅಣ್ಣನೂ ಬಾಗಿಲವರೆಗೆ ಬಂದು, ತಿರುಗಿ ಹೋದದ್ದನ್ನು ಅವನು ನೋಡಿದ್ದ.

ಅಷ್ಟರಲ್ಲಿ ಬಕೆಟ್ ಕೊಳ್ಳಲು ಯಾರೋ ಬಂದರು. ಬದುಕಿದೆಯಾ ಬಡಜೀವವೇ ಎಂಬಂತೆ ಅಂಗಡಿಯವನು ಅತ್ತ ಓಡಿದ. ಈಗ ಇಬ್ಬರ ನಡುವೆ ಒಂದು ನೀಲಿ ಡಬ್ಬ ಮಾತ್ರ ಉಳಿಯಿತು.

ದರ್ಜಿ ಅದರ ಪಕ್ಕೆ ಸವರಿದ. "ಕೆಳಗೆ ಬರ್ತಾ ಬರ್ತಾ ಸೊಂಟ ಸಣ್ಣ ಮಾಡಿದ್ದಾರೆ" ಎಂದು ಡಬ್ಬಕ್ಕೆ ಹೇಳಿದ.

ಅಣ್ಣ ಬಗ್ಗಿ ಅದೇ ಡಬ್ಬವನ್ನು ಒಂದೇ ಕಣ್ಣಿನಲ್ಲಿ ನೋಡಿದ. "ಓರೆ ಗೋಡೆ. ಒರಗಿಸಿಟ್ಟ ಪುಸ್ತಕ ಎಲ್ಲ ಸೊಟ್ಟಗಾಗುತ್ತೆ" ಎಂದು ಅವನೂ ಡಬ್ಬಕ್ಕೇ ಹೇಳಿದ.

ಆಮೇಲೆ ಒಂದೂ ಮಾತಿಲ್ಲದೆ ಇಬ್ಬರೂ ಸಾಲಿನಿಂದ ಸಾಲಿಗೆ ನಡೆದರು. ಒಬ್ಬ ಮುಚ್ಚಳ ತೆಗೆದರೆ ಇನ್ನೊಬ್ಬ ಹಾಕಿ ನೋಡುತ್ತಿದ್ದ. ಒಬ್ಬ ಕೆಳಗಿಟ್ಟದ್ದನ್ನು ಇನ್ನೊಬ್ಬ ಮತ್ತೆ ಎತ್ತುತ್ತಿರಲಿಲ್ಲ. ಕೊನೆಗೆ ಮೂಲೆಯಲ್ಲಿ, ಆಫೀಸಿನ ಕಡತ ಇಡುವ ಬೂದುಬಣ್ಣದ ಡಬ್ಬಗಳು ಕಂಡವು. ನೆಟ್ಟಗಿನ ಗೋಡೆ, ಬೆಳಕು ಹಾಯದ ಮೈ, ಮುಚ್ಚಳಕ್ಕೆ ಎರಡು ಲಾಕು, ಹಿಡಿಯ ಹತ್ತಿರ ಗಾಳಿಯಾಡಲು ಸಣ್ಣ ಸೀಳು. ದರ್ಜಿಯ ಟೇಪು ಒಳಗಿಳಿಯಿತು. ಅಣ್ಣನ ಅಂಗೈ ಇನ್ನೊಂದು ಬದಿಯಿಂದ ಇಳಿಯಿತು. ಸಡಿಲವೂ ಅಲ್ಲ, ಬಿಗಿಯೂ ಅಲ್ಲ. ಒಂದು ಬೆರಳು ಜಾಗ. ಇಬ್ಬರ ಅಳತೆಯೂ ತಪ್ಪಾಗಿದ್ದರಿಂದ ಯಾರೂ ಸೋಲಲಿಲ್ಲ.

"ಇವು ಆರೇ ಇರೋದು" ಅಂದ ಅಂಗಡಿಯವನು. ಪೆನ್ಸಿಲ್ ತೆಗೆದು ಲೆಕ್ಕ ಹಾಕಿದ. "ಮೂವತ್ತೆರಡು ಪುಟದ ಪುಸ್ತಕ ಅಲ್ವಾ? ಒಂದರಲ್ಲಿ ನೂರ ಐದು ಹಿಡಿಯುತ್ತೆ. ಆರು ಧಾರಾಳ ಆಯ್ತು."

ಮೂರು ಮೂರು ಡಬ್ಬ ಎದೆಗವಚಿಕೊಂಡು ಮನೆಗೆ ನಡೆದರು. ಎದುರಿನ ದಾರಿ ಕಾಣದಷ್ಟು ಎತ್ತರ. ಒಬ್ಬರ ಮುಖ ಒಬ್ಬರಿಗೆ ಕಾಣುವ ಭಯವೂ ಇರಲಿಲ್ಲ. ದರ್ಜಿಗೆ ನಾಲ್ಕು ವರ್ಷದಲ್ಲಿ ಇಷ್ಟು ಹಾಯಾಗಿ ಅಣ್ಣನ ಜೊತೆ ನಡೆದ ನೆನಪಿರಲಿಲ್ಲ. ಪಾಲಿನ ಮಾತು ತಪ್ಪಿತು ಅಂದುಕೊಂಡ.

ತಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ, ಒಣಬಟ್ಟೆಯಿಂದ ಒರೆಸಿ ಒರೆಸಿ ಪುಸ್ತಕ ತುಂಬಿದರು. ಹನ್ನೊಂದು ಗಂಟೆಗೆ ಆರು ಡಬ್ಬವೂ ತುಂಬಿದವು. ಚಾಪೆಯ ಮೇಲೆ ಇನ್ನೂ ಇನ್ನೂರು ಪುಸ್ತಕ ಹಾಗೇ ಇದ್ದವು. ಅಂಗಡಿಯವನ ಲೆಕ್ಕ ತಪ್ಪಲು ಸಾಧ್ಯವಿಲ್ಲವೆಂದು ಅಣ್ಣ ಹೆಂಡತಿಗೆ ಹೇಳಿದ. ಅಂಗಡಿಯವನಿಗೆ ಲೆಕ್ಕವೇ ಬರುವುದಿಲ್ಲವೆಂದು ದರ್ಜಿ ಅತ್ತಿಗೆಗೆ ಹೇಳಿದ. ಅತ್ತಿಗೆ ಕನ್ನಡಕ ಏರಿಸಿ, ಒಂದು ಪುಸ್ತಕವನ್ನು ಬೆನ್ನು ಹಿಡಿದು ಎತ್ತಿ ಕೊಡವಿದರು.

ಎರಡು ಬಟ್ಟೆ ಚೂರು, ಮೂರು ಮರದ ಸುರುಳಿ ಉದುರಿದವು.

ಇನ್ನೊಂದನ್ನು ಕೊಡವಿದರು. ಒಂದು ತುಂಡು ಕಾರ್ಡುರಾಯ್, ನಾಲ್ಕು ಸುರುಳಿ. ಮತ್ತೊಂದು. ಹೂವಿನ ಚೀಟಿ ಬಟ್ಟೆ, ಕೋಟಿನ ಬಟ್ಟೆ, ತೇಗದ ಸುರುಳಿ, ಯಾವುದೋ ಕೆಂಪು ಮರದ್ದು. ಮೂವತ್ತೆರಡು ಪುಟದ ಪುಸ್ತಕಗಳೆಲ್ಲ ಬಸುರಿಯರ ಹಾಗೆ ಉಬ್ಬಿದ್ದರ ಗುಟ್ಟು ಚಾಪೆಯ ಮೇಲೆ ಗುಡ್ಡೆಯಾಯಿತು.

"ಇದೇನು?" ಅಂದರು ಅತ್ತಿಗೆ.

ಒಬ್ಬ ಗಡಿಯಾರ ನೋಡಿದ. ಒಬ್ಬ ಕಾಲ್ಬೆರಳು ನೋಡಿದ.

ಅತ್ತಿಗೆ ಪುಟ ತೆರೆದು ಬೆಳಕಿಗೆ ಹಿಡಿದರು. ಸುರುಳಿ ಇದ್ದ ಕಡೆ ಕಾಗದಕ್ಕೆ ಕಂದು ಬರೆ ಬಿದ್ದಿತ್ತು. ತೇವಕ್ಕೆ ಬಣ್ಣ ಬಿಟ್ಟ ಬಟ್ಟೆಯಿಂದ ಕಡಲಗಳ್ಳಿ ಅಜ್ಜಿಯ ಅರ್ಧ ಹಡಗು ಕೆಂಪಾಗಿತ್ತು. "ತೇವವೂ ಅಲ್ಲ, ಹುಳವೂ ಅಲ್ಲ. ಈ ಪುಸ್ತಕಗಳು ಹೆದರಬೇಕಾದ್ದು ನಿಮ್ಮಿಬ್ಬರಿಗೆ! ಇವನ್ನೆಲ್ಲ ತೆಗೆದರೆ ಆರು ಡಬ್ಬ ಸಾಕು. ತೆಗೆಯಲ್ಲ ಅಂದ್ರೆ ಉಳಿದಿದ್ದು ಶೆಡ್ಡಿಗೆ, ಅಲ್ಲಿಗೆ ಪಾಲು. ಯಾವುದು ಹೇಳಿ. ನನಗೆ ಬಟ್ಟೆ ಒಗೆಯೋದಿದೆ."

ತೆಗೆಯಬೇಡ ಅಂದರೆ ಅದು ತನಗೆ ಬೇಕಾಗಿತ್ತು ಅಂತ ಒಪ್ಪಿಕೊಂಡ ಹಾಗೆ. ದರ್ಜಿ ಬಾಗಿ ಒಂದು ಪುಸ್ತಕ ಎತ್ತಿಕೊಂಡು, ಚೂರು ತೆಗೆದು, ಅತ್ತಿಗೆ ತಂದಿಟ್ಟ ಕಾಗದದ ಚೀಲಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಅಣ್ಣನೂ ಎದುರು ಕೂತು ಒಂದನ್ನು ಎತ್ತಿಕೊಂಡ.

ಕೆಲಸ ಸುಲಭವಾಗಿರಲಿಲ್ಲ. ಬಟ್ಟೆ ನೋಡಿದರೆ ದರ್ಜಿಗೆ ಆ ದಿನವೇ ಎದುರು ಬಂದು ನಿಲ್ಲುತ್ತಿತ್ತು. ಈ ಮೃದುವಾದ ಮಕಮಲ್ಲು, ಅಣ್ಣನ ಹೆಬ್ಬೆರಳಿಗೆ ಗರಗಸ ತಗುಲಿದ ವಾರದ್ದು. ಗಾಯಕ್ಕೆ ಹೇಗಿದೆ ಅಂತ ಕೇಳಲಾಗದೆ ಅಂಗಡಿಯಲ್ಲಿದ್ದ ಅತಿ ನವಿರಾದ ಬಟ್ಟೆಯನ್ನು ಇಟ್ಟಿದ್ದ. ಇನ್ನೊಂದರಲ್ಲಿ ಒಂದೇ ಪುಸ್ತಕಕ್ಕೆ ಹದಿನಾಲ್ಕು ಸುರುಳಿ. ತನಗೆ ಜ್ವರ ಬಂದು ಎರಡು ವಾರ ಮಲಗಿದ್ದಾಗ ಅದು ಹೇಗೋ ದಿಂಬಿನ ಹತ್ತಿರ ಬಂದಿತ್ತು. ದಿನಕ್ಕೊಂದು ಸುರುಳಿ. ಅವನು ಆಗ ಎಣಿಸಿರಲಿಲ್ಲ. ಈಗ ಎಣಿಸಿದ.

ಚೀಲ ತುಂಬುತ್ತಾ ಬಂತು. ನಾಳೆಯಿಂದ ಪುಸ್ತಕದೊಳಗೆ ಏನೂ ಇಡುವ ಹಾಗಿಲ್ಲ. ಡಬ್ಬ ಭದ್ರವಾಗಿರುತ್ತದೆ, ಪುಸ್ತಕ ಇನ್ನೂ ಐವತ್ತು ವರ್ಷ ಬಾಳುತ್ತವೆ, ಅಣ್ಣ ಯಾವ ಪುಟಕ್ಕೆ ನಕ್ಕ ಅನ್ನುವುದು ಮಾತ್ರ ಇನ್ನು ತನಗೆ ಗೊತ್ತಾಗುವುದಿಲ್ಲ. ದರ್ಜಿ ಧೂಳಿನ ಮೇಲೆ ಹಾಕಿ ಕೆಮ್ಮಿದ.

ಆಗ ಅಣ್ಣ ನಕ್ಕ.

ಜೋರಾಗಿ ಅಲ್ಲ. ಮೂಗಿನಲ್ಲಿ ಗಾಳಿ ಹೊರಟಂತೆ, ಹೆಗಲು ಮಾತ್ರ ಕುಣಿಯುವಂತೆ. ಒಂದು ಪುಸ್ತಕ ತೆರೆದು, ಹಳದಿ ಚೂರನ್ನು ತೆಗೆದು ಆಗಲೇ ಚೀಲಕ್ಕೆ ಹಾಕಿಬಿಟ್ಟಿದ್ದ. ದರ್ಜಿ ಕತ್ತು ಉದ್ದ ಮಾಡಿದ. ಕಾಣಲಿಲ್ಲ. ಮಂಡಿಯೂರಿ ಎದ್ದ. ಕಾಣಲಿಲ್ಲ. ಅಣ್ಣನ ಹೆಗಲು ಇನ್ನೂ ಕುಣಿಯುತ್ತಿತ್ತು. ಪುಟ ಮಗುಚಿಬಿಟ್ಟರೆ ಮುಗಿಯಿತು. ಗುರುತೂ ಇಲ್ಲ, ಏನೂ ಇಲ್ಲ.

"ಯಾವ ಪುಟ?"

ಯಾರ ದನಿ ಅದು ಎಂದು ಸ್ವತಃ ದರ್ಜಿಯೇ ಸುತ್ತ ನೋಡಿದ.

ಅಣ್ಣನ ಹೆಗಲು ನಿಂತಿತು. ಬಚ್ಚಲಲ್ಲಿ ಒಡೆದ ಪೈಪು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಅಣ್ಣ ಹೆಂಡತಿಯ ಕಡೆ ತಿರುಗಿ, "ಏ, ನಿನ್ನ ಮೈದುನನಿಗೆ ಹೇಳು, ಪತ್ತೇದಾರ ಕಳ್ಳನ..."

"ನಾನು ಹೇಳಲ್ಲ" ಅಂದರು ಅತ್ತಿಗೆ, ಸೋಪು ಹುಡುಕುತ್ತಾ. "ಅವನು ಕೇಳಿದ್ದು ನನ್ನನ್ನಲ್ಲ."

ಅಣ್ಣ ಪುಸ್ತಕ ನೋಡಿದ. ಗಡಿಯಾರ ನೋಡಲು ಕತ್ತೆತ್ತಿದ, ಅರ್ಧಕ್ಕೇ ಇಳಿಸಿದ. ಕೊನೆಗೆ ಪುಸ್ತಕವನ್ನು ಚಾಪೆಯ ಮೇಲೆ ಮೆಲ್ಲಗೆ ತಿರುಗಿಸಿ ತಮ್ಮನ ಕಡೆಗೆ ತಳ್ಳಿದ.

ನಿದ್ದೆಗಣ್ಣಿನ ಪತ್ತೇದಾರ ಕಳ್ಳನ ಮನೆಗೆ ನುಗ್ಗಿ, ಕಳ್ಳನ ಮಂಚದ ಮೇಲೇ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಎಚ್ಚರವಾಗಬಾರದೆಂದು ಕಳ್ಳ ತುದಿಗಾಲಲ್ಲಿ ನಡೆದು ದೀಪ ಆರಿಸುತ್ತಿದ್ದ. ದರ್ಜಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಹುಬ್ಬು ಗಂಟಿಕ್ಕಿದ.

"ನಾನು ಚೂರು ಇಟ್ಟಿದ್ದು ಈ ಪುಟಕ್ಕಲ್ಲವಲ್ಲ?"

"ಅದೇ ಮತ್ತೆ! ನೀನು ಹಿಂದಿನ ಪುಟಕ್ಕೆ ಇಟ್ಟಿದ್ದೆ. ನಗು ಇರೋದು ಇಲ್ಲಿ, ಇವನು ಇಟ್ಟಿರೋದು ಅಲ್ಲಿ! ನಾಲ್ಕು ವರ್ಷದಿಂದ ನೋಡ್ತಿದ್ದೀನಿ, ಒಂದು ಸಲವಾದ್ರೂ ಸರಿಯಾದ ಪುಟಕ್ಕೆ ಇಟ್ಟಿದ್ದೀಯಾ ನೀನು? ಅದಕ್ಕೇ ನಾನು ಪ್ರತಿ ಸಲ ಮುಂದಿನ ಪುಟಕ್ಕೆ ಇಟ್ಟು ತೋರಿಸ್ತಿದ್ದೆ!"

"ತೋರಿಸ್ತಿದ್ಯಾ?" ದರ್ಜಿ ಎದ್ದೇ ನಿಂತ. "ನಾನು ನಿನಗೆ ಗುರಿ ನೆಟ್ಟಗಿಲ್ಲ ಅಂದ್ಕೊಂಡಿದ್ದೆ! ಹಿಂದಿನ ಪುಟದಲ್ಲಿ ಅವನು ಚಪ್ಪಲಿ ಬಿಚ್ಚಿ ಜೋಡಿಸಿಟ್ಟು ಕಳ್ಳನ ಮನೆಗೆ ನುಗ್ತಾನೆ, ಅದು ನಗು ಅಲ್ವಾ?"

"ಅದು ನಗುವಿನ ತಯಾರಿ ಕಣೋ, ನಗು ಅಲ್ಲ!"

"ತಯಾರಿ ಇಲ್ದೆ ನಗು ಎಲ್ಲಿಂದ ಬರುತ್ತೆ ಅಣ್ಣ? ನಿನಗೆ ಯಾವಾಗಲೂ ಕೊನೆಯದೇ ಬೇಕು!"

ಒಂದು ಗಂಟೆಯಲ್ಲಿ ಮುಗಿಯಬೇಕಿದ್ದ ಕೆಲಸ ಸಂಜೆ ನಾಲ್ಕಾದರೂ ಮುಗಿಯಲಿಲ್ಲ. ಒಬ್ಬ ಒಳಗಿಟ್ಟದ್ದನ್ನು ಇನ್ನೊಬ್ಬ ಸಾಕ್ಷಿಗೆಂದು ಹೊರಗೆ ತೆಗೆಯುತ್ತಿದ್ದ. ಊಟಕ್ಕೆ ಕರೆದರೆ ತಟ್ಟೆ ಚಾಪೆಗೇ ಬರಲಿ ಅಂದರು. ಪುಸ್ತಕದ ಹತ್ತಿರ ಊಟ ತಂದರೆ ಕೈ ಮುರಿಯುತ್ತೇನೆ ಅಂತ ಅತ್ತಿಗೆ ಗದರಿಸಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ನಿಂತೇ ನುಂಗಿ ಓಡಿಬಂದರು. ಆಮೇಲೆ ಜೋಡಿಸುವ ಜಗಳ. ಎತ್ತರದ ಪ್ರಕಾರ ಇಡಬೇಕು, ಆಗಲೇ ಡಬ್ಬದಲ್ಲಿ ಸಮನಾಗಿ ನಿಲ್ಲುತ್ತವೆ ಅಂತ ಅಣ್ಣ. ಎತ್ತರ ನೋಡಿ ಜೋಡಿಸಲು ಇವೇನು ಕಿಟಕಿ ಸರಳೇ, ಅಜ್ಜಿಯದು ಅಜ್ಜಿಯ ಜೊತೆ, ಮಂತ್ರಿಯದು ಮಂತ್ರಿಯ ಜೊತೆ ಇರಬೇಕು ಅಂತ ತಮ್ಮ. ಕೊನೆಗೆ ಯಾವ ಪ್ರಕಾರವೂ ಅಲ್ಲದೆ ಆರುನೂರ ಹನ್ನೆರಡೂ ಆರು ಡಬ್ಬದಲ್ಲಿ ಕೂತವು. ಲಾಕು ಬಿದ್ದ ಸದ್ದು ಹನ್ನೆರಡು ಸಲ ಕೇಳಿತು.

ಅತ್ತಿಗೆ ಕಪ್ಪು ಪೆನ್ನು ಹಿಡಿದು ಬಂದರು. "ಡಬ್ಬದ ಮೇಲೆ ಏನಂತ ಬರೀಲಿ?"

"ಪತ್ತೇದಾರ ಮತ್ತು ಇತರರು" ಅಂದ ದರ್ಜಿ.

"ಇತರರು ಯಾರೋ? ಅಜ್ಜಿ ಇತರರಾ? ಅಜ್ಜಿ ಅಂತ ಬರಿ ಕಣೇ."

"ಆ ಡಬ್ಬದಲ್ಲಿ ಅಜ್ಜಿ ಇರೋದೇ ಎಂಟು! ಮಿಕ್ಕಿದ್ದೆಲ್ಲ ಮೂರನೇದರಲ್ಲಿದೆ."

"ಮೂರನೇದಕ್ಕೆ ಯಾಕೆ ಹಾಕಿದೆ? ನಾನು ನಾಲ್ಕಕ್ಕೆ ಹಾಕು ಅಂದೆ ತಾನೇ?"

"ಯಾವಾಗ ಅಂದೆ?"

"ಮನಸ್ಸಲ್ಲೇ ಅಂದೆ!"

ಅತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಗಾಡುತ್ತಿದ್ದ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. ಬಗ್ಗಿ, ಆರು ಡಬ್ಬದ ಮೇಲೆ ಒಂದರಿಂದ ಆರರವರೆಗೆ ಅಂಕಿ ಮಾತ್ರ ಬರೆದು, ಪೆನ್ನಿಗೆ ಮುಚ್ಚಳ ಹಾಕಿದರು.

"ಒಳಗೇನಿದೆ ಅಂತ ಬೇಕಾದೋರು ಬೇಕಾದೋರನ್ನ ಬಾಯಿಬಿಟ್ಟು ಕೇಳ್ಕೊಳ್ಳಿ" ಅಂದು ಬಟ್ಟೆಯ ಬಕೆಟ್ ಎತ್ತಿಕೊಂಡು ಹೋದರು.

ಅವರು ಹೋದದ್ದು ದರ್ಜಿಗೆ ತಿಳಿಯಲೇ ಇಲ್ಲ. ಅವನು ಮೂರನೆಯ ಡಬ್ಬದ ಲಾಕು ಮತ್ತೆ ತೆಗೆಯುತ್ತಿದ್ದ.